ದೇವಿ ಬಾರದ ಮಂಗಳವಾರ

ಮಲಕಮ್ಮನ ಮೈಮೇಲೆ ದೇವಿ ಬರುವುದು ನಿಂತು ಒಂದು ಚಳಿಗಾಲ ಕಳೆದಿತ್ತು. ಅದರಿಂದ ಹೆಚ್ಚು ಲುಕ್ಸಾನಾದದ್ದು ಮಲಕಮ್ಮನಿಗಲ್ಲ, ದೇವಿಗೂ ಅಲ್ಲ, ಸೊಸೆ ಕಮಳಾಬಾಯಿಗೆ.

ಸೋಲಾಪುರದ ಗಿರಣಿಯ ಹಿಂದಿನ ಚಾಳಿನಲ್ಲಿ ಅವರದು ಎರಡು ಖೋಲಿಯ ಮನೆ. ಕಮಳಾಬಾಯಿಯ ಗಂಡ ಭಗವಂತ ಗಿರಣಿಯ ನೂಲಿನ ಖಾತೆಯಲ್ಲಿ ಕೆಲಸಕ್ಕಿದ್ದ. ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ ಅವನ ದನಿಗೆ ತಗ್ಗುವುದೇ ಮರೆತುಹೋಗಿತ್ತು. ಊಟಕ್ಕೆ ಕೂತು ಉಪ್ಪು ಕೇಳಿದರೆ ಇಡೀ ಓಣಿಯೇ ಸಪ್ಪೆ ಉಣ್ಣುತ್ತಿದೆಯೇನೋ ಅನ್ನಿಸಬೇಕು. ಅಂಥ ಗಂಡನೆದುರು ನಿಂತು ಕಮಳಾಬಾಯಿ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಮದುವೆಯಾದಾಗಿನಿಂದ ಇಲ್ಲ. ಕೇಳುವ ಪ್ರಸಂಗವೂ ಬಂದಿರಲಿಲ್ಲ. ಅದಕ್ಕೆ ಮನೆಯಲ್ಲಿ ಬೇರೊಂದು ದಾರಿ ಇತ್ತು.

ಗಿರಣಿಯ ಬೆಳಗಿನ ಭೋಂಗಾ ಕೂಗುವ ಮೊದಲೇ ಅತ್ತೆ ಸೊಸೆ ಅಂಗಳದಲ್ಲಿ ಬೀಸುಕಲ್ಲಿನ ಆಚೆ ಈಚೆ ಕೂಡುತ್ತಿದ್ದರು. ಗೂಟಕ್ಕೆ ಇಬ್ಬರ ಕೈ. ಕಮಳಾಬಾಯಿ ಅತ್ತೆಯ ಮುಖ ನೋಡದೆ ಕಲ್ಲಿಗೆ ಹೇಳುತ್ತಿದ್ದಳು: "ಹುಡುಗಿ ಏಳನೇ ಇಯತ್ತಾ ಪಾಸ್ ಆಗ್ಯಾಳ. ಹೈಸ್ಕೂಲಿಗೆ ಕಳಸೂದಿಲ್ಲ ಅನ್ನಾಕತ್ತಾರ. ಏನ್ ಮಾಡ್ತಿ, ನಮ್ಮ ನಸೀಬ." ಮಲಕಮ್ಮ ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಿರಲಿಲ್ಲ, ಇನ್ನೊಂದು ಹಿಡಿ ಜೋಳ ಹಾಕುತ್ತಿದ್ದಳು. ಮಂಗಳವಾರ ಸಂಜೆ ಗೋಡೆಯ ಮಾಡದಲ್ಲಿದ್ದ ಮರಗವ್ವನ ಮುಂದೆ ಊದು ಹಾಕಿದ ಮೇಲೆ ಅವಳ ಮೈ ತೂಗತೊಡಗುತ್ತಿತ್ತು. ಕಮಳಾಬಾಯಿ ಅತ್ತೆಯ ತುರುಬು ಬಿಚ್ಚಿ, ಹಣೆಗೆ ಭಂಡಾರ ಹಚ್ಚಿ, ಮಡಿಲಲ್ಲಿ ನಿಂಬೆಹಣ್ಣು ಇಟ್ಟು ಕೈಮುಗಿದು ಕೇಳುತ್ತಿದ್ದಳು: "ಯಾರು ನೀ ತಾಯಿ? ಯಾಕ ಬಂದಿ?"

ಹಾಗೆ ಕೇಳದ ಹೊರತು ದೇವಿ ಮಾತಾಡುವ ಪದ್ಧತಿ ಇಲ್ಲ. ಕೇಳಿದರೆ ಮಾತ್ರ, ಕೊಡದ ತಳದಿಂದ ಬಂದಂಥ ಒಂದು ದಪ್ಪ ದನಿ: "ನಾ ಮರಗವ್ವ, ವಳಸಂಗದಾಕಿ. ಭಗವಂತಾ, ಹುಡುಗೀನ ಸಾಲಿ ಬಿಡಿಸಿದಿ ಅಂದ್ರ ನಿನ್ನ ಹೊಸ್ತಲದಾಗ ಕೂಡ್ತೀನಿ ನೋಡು."

ಆಗ ಭಗವಂತನ ದನಿ ತನಗೇ ಕೇಳಿಸದಷ್ಟು ತಗ್ಗುತ್ತಿತ್ತು. "ತಪ್ಪಾತವ್ವಾ. ಕಳಸ್ತೀನಿ."

ಹೀಗೆ ಭಗವಂತ ಶಿಂದಿ ಕುಡಿಯುವುದನ್ನು ಬಿಟ್ಟ. ಹೀಗೆ ಕಮಳಾಬಾಯಿ ಬಾಣಂತನಕ್ಕೆ ಕಂದಲಗಾಂವದ ತವರಿಗೆ ಹೋದಳು. ಹೀಗೆ ಮಗಳು ಚಂದ್ರಭಾಗಾ ಹೈಸ್ಕೂಲು ಸೇರಿದಳು. ಮನೆಯ ಯಜಮಾನ ಭಗವಂತನೇ, ಆದರೆ ಮಂಗಳವಾರ ಅವನ ಮೇಲೆ ಒಂದು ಹೈಕೋರ್ಟು ಕೂಡುತ್ತಿತ್ತು. ಅದು ನಾಟಕವೆಂದು ಕಮಳಾಬಾಯಿ ಎಂದೂ ಅಂದುಕೊಂಡವಳಲ್ಲ. ದೇವಿ ಇಳಿದ ಮೇಲೆ ಅತ್ತೆ ಬೆವತು, ನೀರು ಕೇಳಿ, "ಏನಂದ್ಳವ್ವಾ ಆಕಿ?" ಎಂದು ಸೊಸೆಯನ್ನೇ ವಿಚಾರಿಸುತ್ತಿದ್ದಳು. ಕಲ್ಲಿಗೆ ಹೇಳಿದ್ದು ದೇವಿಗೆ ಹೇಗೆ ಮುಟ್ಟಿತೆಂಬುದನ್ನು ಇಬ್ಬರೂ ಒಬ್ಬರನ್ನೊಬ್ಬರು ಕೇಳಿದವರಲ್ಲ.

ದಸರೆಗೆ ಭಗವಂತ ನಾಗಪುರಕ್ಕೆ ಹೋದ. ಲಕ್ಷಾಂತರ ಜನದ ನಡುವೆ ನಿಂತು, ಬಾಬಾಸಾಹೇಬರು ಹೇಳಿಕೊಟ್ಟ ಪ್ರತಿಜ್ಞೆಗಳನ್ನು ಹೇಳಿ, ಬೌದ್ಧನಾಗಿ, ಬಿಳಿ ಅಂಗಿಯಲ್ಲಿ ಮರಳಿ ಬಂದ. ಬಂದವನೇ ಮಾಡದ ಎದುರು ನಿಂತು, "ಯವ್ವಾ, ಇವನ್ನೆಲ್ಲ ಇನ್ನ ಸೀನಾ ನದಿಗೆ ಬಿಡಬೇಕು" ಎಂದ.

ಮಲಕಮ್ಮ ಅಳುತ್ತಾಳೆಂದು ಎಲ್ಲರೂ ಕಾದರು. ಅವಳು ತನ್ನ ಹಳೆಯ ಇಳಕಲ್ಲ ಸೀರೆಯ ತುಂಡಿನಲ್ಲಿ ಮರಗವ್ವನ ಕಲ್ಲನ್ನೂ ಬೆಳ್ಳಿ ಕಣ್ಣನ್ನೂ ತಾನೇ ಗಂಟು ಕಟ್ಟಿದಳು. "ಊರಾಗ ನಮಗ ಬಾವಿ ಮುಟ್ಟಗೊಡಲಿಲ್ಲ. ಅವಾಗ ಇಕಿ ಒಂದು ಮಾತ ಆಡಲಿಲ್ಲ. ಬಾಬಾಸಾಹೇಬ್ರು ಆಡಿದ್ರು. ಒಯ್ಯಿ," ಎಂದು ಮಗನ ಕೈಗೆ ಕೊಟ್ಟಳು. ಡಿಸೆಂಬರಿನಲ್ಲಿ ಬಾಬಾಸಾಹೇಬರು ತೀರಿಕೊಂಡರೆಂಬ ಸುದ್ದಿ ಬಂದಾಗ ಮಾತ್ರ ಅಂಗಳದಲ್ಲಿ ಕೂತು ಹೆತ್ತ ಮಗನೇ ಹೋದಂತೆ ಅತ್ತಳು. ಈಗ ಮಾಡದಲ್ಲಿ ಕ್ಯಾಲೆಂಡರಿನಿಂದ ಕತ್ತರಿಸಿದ ಬುದ್ಧನ ಚಿತ್ರ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ.

ಕಾಲೇಜಿಗೆ ಹೋಗುತ್ತಿದ್ದ ಮೈದುನ ತುಕಾರಾಮ, "ವೈನಿ, ದೇವರೆಲ್ಲಾರೂ ಮನಿ ಖಾಲಿ ಮಾಡಿದ್ರು. ಭಗವಂತ ಒಬ್ಬಾವ ಉಳದಾನ," ಎಂದ. ಅವನು ಯಾರ ದನಿಯನ್ನಾದರೂ ಎತ್ತಬಲ್ಲ: ಗಿರಣಿಯ ಜಾಬರ್, ಕಾಲೇಜಿನ ಪ್ರೊಫೆಸರ್, ಸಭೆಯಲ್ಲಿ "ಬಂಧೂ ಆಣಿ ಭಗಿನೀನೋ" ಎಂದು ಶುರುಮಾಡುವ ಅಣ್ಣ. ಕಮಳಾಬಾಯಿ ನಕ್ಕಳು. ಉಳಿದ ಭಗವಂತನ ಮಾತಿನ ಮೇಲೆ ಇನ್ನು ಮೇಲ್ಮನವಿ ಇಲ್ಲವೆಂಬುದು ಅವಳಿಗೆ ಹೊಳೆದದ್ದು ಫೆಬ್ರುವರಿಯ ಒಂದು ರಾತ್ರಿಯೂಟದಲ್ಲಿ.

ಅಂದು ಭಗವಂತ ಕಮಿಟಿಯ ಮೀಟಿಂಗು ಮುಗಿಸಿ ಬಂದಿದ್ದ. ಚಾಳಿನ ಧರ್ಮ ಕಮಿಟಿಗೆ ಅವನೇ ಸೆಕ್ರೆಟರಿ. ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚುತ್ತ, "ಠರಾವ ಪಾಸ್ ಆತು," ಎಂದ. "ವೈಶಾಖ ಹುಣ್ಣಿವಿಗೆ ನಮ್ಮ ಚಾಳಿನೊಳಗ ಬೌದ್ಧ ಪದ್ಧತಿದ ಮೊದಲನೇ ಲಗ್ನ. ಭಟ್ಟಾ ಇಲ್ಲ, ಬಾಶಿಂಗ ಇಲ್ಲ, ಹುಂಡಾ ಇಲ್ಲ. ಇಡೀ ಜಿಲ್ಹಾ ನೋಡಬೇಕು."

"ಛಲೋ ಆತಲ್ಲ," ಎಂದ ತುಕಾರಾಮ. "ಯಾರದು?"

"ನಮ್ಮ ಚಂದ್ರಭಾಗಾಂದು. ಅಕ್ಕಲಕೋಟದ ಭಾಗಾಕ್ಕನ ಮಗ ಅದಾನಲ್ಲ, ಅಮೋಗಸಿದ್ಧ. ರೇಲ್ವೆಯೊಳಗ ಗ್ಯಾಂಗಮನ್, ಸರಕಾರಿ ಪಗಾರ. ಅಕ್ಕಾ ಹೂಂ ಅಂದಾಳ."

ಕಂದೀಲಿನ ಬಳಿ ಓದುತ್ತಿದ್ದ ಚಂದ್ರಭಾಗಾಳ ಬೆರಳು ಪುಟದ ಮೇಲೆ ನಿಂತಿತು. ಅವಳು ಹತ್ತನೆಯ ಇಯತ್ತೆಯಲ್ಲಿದ್ದಳು. ಜೂನಿನಲ್ಲಿ ಹನ್ನೊಂದನೆಯದಕ್ಕೆ, ಅಂದರೆ ಮ್ಯಾಟ್ರಿಕ್ಕಿನ ವರ್ಗಕ್ಕೆ ಹೋಗಬೇಕು. ಆ ಓಣಿಯಲ್ಲಿ ಯಾವ ಹುಡುಗಿಯೂ ಅಲ್ಲಿಯ ತನಕ ಹೋಗಿರಲಿಲ್ಲ.

"ಅಪ್ಪಾ, ನನ್ನ ಮ್ಯಾಟ್ರಿಕ್?" ಎಂದಳು.

"ಅಲ್ಲೇ ಓದು. ಅಕ್ಕಲಕೋಟದಾಗ ಪುಸ್ತಕ ಇಲ್ಲೇನು?"

"ಪುಸ್ತಕ ಅದಾವ ಅಣ್ಣಾ," ಎಂದ ತುಕಾರಾಮ. "ಭಾಗಾಕ್ಕನ ಮನಿಯೊಳಗ ಎಮ್ಮಿನೂ ಅದಾವ. ಕಡೀಕ ಓದೂದು ಎಮ್ಮೀನ."

"ನೀ ಗಪ್ ಕೂಡ್ರು. ಹೆಣ್ಣಮಕ್ಕಳು ಕಲೀಬೇಕಂತ ನಾನ ಭಾಷಣ ಮಾಡ್ತೀನಿ. ನನಗ ಹೇಳಬ್ಯಾಡ."

ಕಮಳಾಬಾಯಿ ರೊಟ್ಟಿಯ ಬುಟ್ಟಿ ಹಿಡಿದು ನಿಂತೇ ಇದ್ದಳು. ಭಗವಂತ ಅವಳನ್ನು ನೋಡಿ, "ಏನು?" ಎಂದ. ಅವಳು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನ ಬೆಳಿಗ್ಗೆ ಬೀಸುಕಲ್ಲಿಗೆ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿ ತಲೆಯೆತ್ತಿದರೆ ಅತ್ತೆ ತೆರೆದ ಬಾಗಿಲಿನಿಂದ ಒಳಗಿನ ಮಾಡದತ್ತ ನೋಡುತ್ತಿದ್ದಳು. ಅಲ್ಲಿ ಬುದ್ಧ ಕಣ್ಣು ಅರ್ಧ ಮುಚ್ಚಿ ಕೂತಿದ್ದ; ಯಾರ ಮೈಮೇಲೂ ಬರುವ ಗಡಿಬಿಡಿ ಅವನಿಗೆ ಇದ್ದಂತೆ ಕಾಣಲಿಲ್ಲ.

ಅದೇ ವಾರ ನಾಗಪುರದ ಕಡೆಯಿಂದ ಒಬ್ಬ ಬೌದ್ಧ ಭಿಕ್ಷು, ಭಂತೇಜಿ, ಬಂದರು. ಮುದುಕರು, ಬಡಕಲು ಮೈ, ಮಾಸಿದ ಕೇಸರಿ ಚೀವರ. ಬೇಸಿಗೆಯ ತನಕ ಚಾಳಿನ ಸಾಲಿಯ ಖೋಲಿಯಲ್ಲಿ ಇಳಿದುಕೊಳ್ಳುವವರಿದ್ದರು. ಒಂದು ಸಂಜೆ ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿ ತ್ರಿಸರಣ, ಪಂಚಶೀಲ ಹೇಳಿಸಿ, ನಿಧಾನವಾದ ಮರಾಠಿಯಲ್ಲಿ ಹೇಳಿದರು: ಇನ್ನು ಕಣ್ಣು ಮುಚ್ಚಿರಿ, ಉಸಿರು ಒಳಗೆ ಬರುವುದನ್ನು ನೋಡಿರಿ, ಹೊರಗೆ ಹೋಗುವುದನ್ನು ನೋಡಿರಿ, ಪೈಲವಾನನಿಗೆ ತೋಳಿನ ತಾಲೀಮು ಇದ್ದಂತೆ ಇದು ಮನಸ್ಸಿನ ತಾಲೀಮು.

ಚಾಳು ಎಂದೂ ಅಷ್ಟು ಸುಮ್ಮನಾಗಿರಲಿಲ್ಲ. ನಳದ ಹನಿ ಕೊಡದೊಳಗೆ ಬೀಳುವುದು ಕೇಳುತ್ತಿತ್ತು. ಕಮಳಾಬಾಯಿ ಒಂದು ಕಣ್ಣನ್ನು ಸ್ವಲ್ಪ ತೆರೆದಳು. ಪಕ್ಕದಲ್ಲಿ ಅತ್ತೆಯ ಭುಜ ತೂಗತೊಡಗಿತ್ತು.

ಮಲಕಮ್ಮನ ತಪ್ಪೇನೂ ಇರಲಿಲ್ಲ. ದೀಪದ ಮುಂದೆ ಕಣ್ಣು ಮುಚ್ಚಿ ಸುಮ್ಮನೆ ಕೂಡುವುದೆಂದರೆ ಅವಳ ಮೈಗೆ ಗೊತ್ತಿದ್ದುದು ಒಂದೇ ಅರ್ಥ. ಅವಳ ಗಂಟಲಿನಿಂದ "ಹೂಂ... ಹೂಂ..." ಎಂದು ಶುರುವಾಯಿತು. ಅಂಗಳದ ಕಣ್ಣುಗಳೆಲ್ಲ ತೆರೆದವು. ಹಳೆಯ ರೂಢಿಗೆ ಹೊಸ ಪ್ರತಿಜ್ಞೆಯ ನೆನಪಾಗಲಿಲ್ಲ: ನೆರೆಮನೆಯ ಶಾರದಾಬಾಯಿ ಎದ್ದುಬಂದು ಮಲಕಮ್ಮನ ತುರುಬು ಬಿಚ್ಚಿದಳು, ಕಮಿಟಿಯ ಮೆಂಬರನೇ ಆದ ಪೀರಪ್ಪ ಬೇವಿನ ಟೊಂಗೆ ಮುರಿಯಲು ಓಡಿದ, ಯಾರೋ "ಲಿಂಬಿಹಣ್ಣ ತರ್ರಿ" ಅಂದರು. ಇಷ್ಟೆಲ್ಲ ಆಗಿ ಎಲ್ಲರೂ ಕಮಳಾಬಾಯಿಯ ಮುಖ ನೋಡಿದರು. ಕೇಳುವವಳು ಅವಳೇ ಅಲ್ಲವೆ?

ಪ್ರಶ್ನೆ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಕೇಳಿದರೆ ಸಾಕು, ಮಗಳ ಲಗ್ನ ಅಲ್ಲೇ, ಇಡೀ ಚಾಳಿನೆದುರು ಮುರಿದುಬೀಳುತ್ತಿತ್ತು. ಆದರೆ ಎದುರಿಗೆ ಭಗವಂತ ಎದ್ದು ನಿಂತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ತುಂಬಿದ ಸಭೆಯಲ್ಲಿ ಧೋತರ ಜಾರಿದವನ ಮುಖ ಅದು. ಕಮಳಾಬಾಯಿ ಬಾಯಿ ಮುಚ್ಚಿಕೊಂಡಳು.

"ಯಾರೂ ಏನೂ ತರಬೇಡಿ," ಎಂದರು ಭಂತೇಜಿ. "ಬಂದದ್ದು ಬರಲಿ. ಕೂತು ನೋಡಿರಿ."

ಬೇವಿನ ಟೊಂಗೆ ಹಿಡಿದು ಬಂದ ಪೀರಪ್ಪ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದು ಕೂತ. ಮಲಕಮ್ಮ ತೂಗಿದಳು, ಬೆವತಳು. ಊದಿಲ್ಲ, ನಿಂಬೆಹಣ್ಣಿಲ್ಲ, ಯಾರು ನೀ ಎಂದು ಕೇಳುವವರಿಲ್ಲ. ಕೇಳುವವರಿಲ್ಲದ ದೇವಿ ಸ್ವಲ್ಪ ಹೊತ್ತು ಕಾದು ಹೊರಟುಹೋದಳು. ಮಲಕಮ್ಮ ಕಣ್ಣು ತೆರೆದು, ಕೂದಲು ಮುಟ್ಟಿಕೊಂಡು, "ಯಾರ ಬಿಚ್ಚಿದ್ರವ್ವಾ ಇದನ್ನ?" ಎಂದಳು.

ಮನೆಗೆ ಬಂದ ಮೇಲೆ ಭಗವಂತ ಊಟಕ್ಕೆ ಕೂಡಲಿಲ್ಲ. "ಸೆಕ್ರೆಟರೀ ಅವ್ವನ ಮೈಮ್ಯಾಗ ಮರಗವ್ವ. ನಾಳಿ ಗಿರಣಿಯೊಳಗ ನಾ ಹೆಂಗ ಮಾರಿ ತೋರಸ್ಲಿ? ನೀ ಇನ್ನ ಬುದ್ಧ ವಂದನೆಗೆ ಬರಬ್ಯಾಡ ಯವ್ವಾ."

"ಕಣ್ಣ ಮುಚ್ಚು ಅಂದ್ರು, ಮುಚ್ಚಿದೆ," ಎಂದಳು ಮಲಕಮ್ಮ. "ನಾ ಏನ್ ಅಕೀನ ಕರದಿಲ್ಲ."

"ನದಿಗೆ ಬಿಟ್ಟು ಬಂದೀವಿ ಆಕೀನ."

"ಆಕಿಗೆ ಈಸ ಬರ್ತದ ಅಣ್ಣಾ," ಎಂದ ತುಕಾರಾಮ. ಭಗವಂತ ಎದ್ದು ಹೊರಗೆ ಹೋದ.

ಆದರೆ ಭಂತೇಜಿಯೇ ಅವರ ಮನೆಗೆ ಬಂದರು. ಭಿಕ್ಷುಗಳು ಮಧ್ಯಾಹ್ನ ದಾಟಿದ ಮೇಲೆ ಉಣ್ಣುವುದಿಲ್ಲ. ಮನೆಗೊಂದು ದಿನದಂತೆ ಊಟದ ಪಾಳಿ ಹಾಕಿದ್ದರು. ತಮ್ಮ ಪಾಳಿಯ ದಿನ ಕಮಳಾಬಾಯಿ ಬೆಳಿಗ್ಗೆಯೇ ಪುಂಡಿಪಲ್ಲೆ, ಝುಣಕ ಮಾಡಿ ಬಡಿಸಿದಳು. ಭಗವಂತ ಗಿರಣಿಯ ಪಾಳಿಗೆ ಹೋಗಿದ್ದ. ಊಟವಾದ ಮೇಲೆ ಮಲಕಮ್ಮ ಸೆರಗು ಸರಿಪಡಿಸಿಕೊಂಡು ಕೇಳಿದಳು: "ಬಾಬಾ, ಅಕಿ ಮತ್ತ ಬಂದ್ರ ಹೊರಗ ಹಾಕಲೇನ್ರಿ?"

"ಹೊರಗೆ ಹಾಕಬೇಡ. ಒಳಗೆ ಕರೆದು ಕೂಡಿಸಲೂ ಬೇಡ."

"ಹಂಗಾರ?"

"ಯಾರು ಬಂದರು ಅಂತ ನೋಡು. ಅಷ್ಟೇ."

"ಅಷ್ಟ?"

"ಅಷ್ಟೇ. ದಿನಾ ಸ್ವಲ್ಪ ಹೊತ್ತು," ಎಂದು ಅವರು ಕೈತೊಳೆಯಲು ಎದ್ದರು.

ಮಲಕಮ್ಮನಿಗೆ ಇದು ಬಹಳ ಸಣ್ಣ ಕೆಲಸ ಅನ್ನಿಸಿತು. ಸಣ್ಣ ಕೆಲಸವೆಂದು ಬಿಡದೆ ಮಾಡಿದಳು. ಬೀಸಿ ಮುಗಿದ ಮೇಲೆ ಕಲ್ಲಿನ ಪಕ್ಕದಲ್ಲೇ ಗೋಡೆಗೆ ಆತು ಕೂಡುವಳು. ಮೊದಮೊದಲು ಮೈ ತೂಗುತ್ತಿತ್ತು. ತೂಗಿದರೆ ಅಂಗೈಯನ್ನು ಕಲ್ಲಿನ ಮೇಲಿಟ್ಟುಕೊಂಡು ಹಾಗೇ ಇರುವಳು. ಬರಬರುತ್ತ ತೂಗುವುದು ಕಡಿಮೆಯಾಯಿತು. ಆದರೆ ಒಂದು ಹೊಸ ಚಟ ಅಂಟಿತು: ಒಳಗೆ ಬಂದದ್ದನ್ನೆಲ್ಲ ಬೀಗರು ಬಂದಂತೆ ಬಾಯಿಬಿಟ್ಟು ಹೇಳುವುದು.

ನಳದ ಹತ್ತಿರ ಶಾರದಾಬಾಯಿ ಪಾಳಿ ತಪ್ಪಿಸಿ ಕೊಡ ಒಡ್ಡಿದರೆ ಮೊದಲಾದರೆ ಮಲಕಮ್ಮನ ಬೈಗುಳ ಗಿರಣಿಯ ಗೇಟಿಗೆ ಕೇಳಬೇಕು. ಈಗ ಕೊಡ ಕೆಳಗಿಟ್ಟು, "ಸಿಟ್ಟು ಬಂತು," ಎಂದಳು. ಸ್ವಲ್ಪ ತಡೆದು, "ಕುಂತೈತಿ." ಇನ್ನೂ ಸ್ವಲ್ಪ ತಡೆದು, "ಹೊಂಟಿತು. ಶಾರದಾ, ನಿನ್ನ ಕೊಡಾ ತಗಿ, ಪಾಳಿ ನಂದೈತಿ." ಶಾರದಾಬಾಯಿ ಹೆದರಿ ಕೊಡ ತೆಗೆದಳು. ಬೈದಿದ್ದರೆ ಬೈಸಿಕೊಂಡು ನೀರು ತುಂಬಿಕೊಳ್ಳುತ್ತಿದ್ದಳು.

ತುಕಾರಾಮ ಅದನ್ನೂ ಎತ್ತಿದ. ತಾಟಿನ ಮುಂದೆ ಕೂತು ಕಣ್ಣು ಮುಚ್ಚಿ, "ಹಸಿವಿ ಬಂತು. ಕುಂತೈತಿ. ವೈನಿ, ರೊಟ್ಟಿ ಕಂಡ್ರ ಎದ್ದು ಹೋಗ್ತದ ನೋಡ್ರಿ," ಎನ್ನುವನು. ಚಂದ್ರಭಾಗಾ ನಗುತ್ತಿದ್ದಳು. ಕಮಳಾಬಾಯಿಗೆ ನಗು ಬರುತ್ತಿರಲಿಲ್ಲ. ಮಂಗಳವಾರಗಳು ಸುಮ್ಮನೆ ಸರಿದುಹೋಗುತ್ತಿದ್ದವು. ಯುಗಾದಿ ದಾಟಿತು. ಭಗವಂತ ಲಗ್ನಕ್ಕೆಂದು ಬಿಳಿ ಸೀರೆ ತಂದು ಪೆಟ್ಟಿಗೆಯಲ್ಲಿಟ್ಟ. ಬರುವ ಭಾನುವಾರ ಅಕ್ಕಲಕೋಟದಲ್ಲಿ ಸಾಖರಪುಡಾ, ಸಕ್ಕರೆ ಹಂಚಿ ಲಗ್ನ ಗಟ್ಟಿಮಾಡುವುದು ಎಂದ. ಅತ್ತೆಗೆ ಶಾಂತಿ ಹತ್ತಿದಷ್ಟೂ ಸೊಸೆಗೆ ಬೆಂಕಿ ಹತ್ತಿತು.

ಗುರುವಾರ ಬೆಳಿಗ್ಗೆ ಅವಳು ಬೀಸುವುದನ್ನು ನಿಲ್ಲಿಸಿದಳು. ಕಲ್ಲಿಗಲ್ಲ, ನೇರ ಅತ್ತೆಗೆ ಹೇಳಿದಳು: "ಅತ್ತಿ, ನೀವು ಗ್ವಾಡಿಗೆ ಹತ್ತಿ ಆರಾಮ ಕೂಡ್ತೀರಿ. ನನ್ನ ಮಗಳ ಸಾಲಿ ಮುಳುಗಾಕತ್ತೈತಿ. ಒಂದ ಸಲ ಬರಲಿ ಆಕಿ. ಒಂದ ಸಲ. ಅವತ್ತ ನಾ ಕೇಳಲಿಲ್ಲ, ನಂದ ತಪ್ಪು. ಈ ಸಲ ಕೇಳ್ತೀನಿ."

ಇಷ್ಟು ವರ್ಷ ಇಬ್ಬರೂ ಆಡದೆ ಇಟ್ಟಿದ್ದ ಮಾತು ಹಿಟ್ಟಿನ ಮೇಲೆ ಬಿದ್ದಿತ್ತು. ಮಲಕಮ್ಮನ ಕೈ ಗೂಟದ ಮೇಲೇ ಇತ್ತು.

"ನಾ ಕರದ್ರ ಬರಾಕ ಆಕಿ ಏನ್ ಟಾಂಗಾದಾಕಿ ಏನವ್ವಾ?" ಎಂದಳು ಮೆಲ್ಲಗೆ. "ನಾ ಎಂದೂ ಕರದಿಲ್ಲ."

ಹಾಸಿಗೆಯಲ್ಲೇ ಎಚ್ಚರಾಗಿ ಕೇಳುತ್ತಿದ್ದ ತುಕಾರಾಮ ಒಳಗಿನಿಂದ ಹೇಳಿದ: "ಅಕಿ ಬರದಿದ್ರ ಬಿಡ್ರಿ ವೈನಿ. ನಾ ಬರ್ತೀನಿ. ಭಾಗಾಕ್ಕ ಮನಿಯೊಳಗ ದೇವರಿಗೆ ಪಡದೆ ಹಾಕ್ಯಾಳ, ಅದರ ಹಿಂದ ಕೂಡ್ತೀನಿ." ಹೇಳಿದವನೇ ದನಿ ಬದಲಿಸಿದ. ಕೊಡದ ತಳದಿಂದ ಬರುವ ಅದೇ ದಪ್ಪ ದನಿ, ಅದೇ ಎಳೆತ: "ಭಗವಂತಾ... ಹುಡುಗೀನ ಸಾಲಿ ಬಿಡಿಸಬ್ಯಾಡ... ಮ್ಯಾಟ್ರಿಕ್ ಆಗಲಿ... ಲಗ್ನದ ಮಾತ ಆಮ್ಯಾಲ..."

ಕಮಳಾಬಾಯಿಯ ಕೈಗಳು ತಾವಾಗಿ ಮುಗಿದವು.

"ಇನ್ನೊಮ್ಮೆ ಅನ್ನೋ," ಎಂದಳು ಮಲಕಮ್ಮ.

ತುಕಾರಾಮ ಬೈಗುಳವನ್ನು ಕಾದಿದ್ದ. ಅಳುಕುತ್ತ ಇನ್ನೊಮ್ಮೆ ಅಂದ. ಮಲಕಮ್ಮ ಕಣ್ಣು ಮುಚ್ಚಿ ಕೇಳಿದಳು.

"ಹಿಂಗಿತ್ತೇನು ಆಕಿ ದನಿ? ನಾ ಎಂದೂ ಕೇಳಿಲ್ಲ ನೋಡು. ಅಂದಾಕಿ ನಾನು, ಕೇಳಿದವ್ರು ನೀವು." ಸೊಸೆಯತ್ತ ತಿರುಗಿದಳು. "ಕಮಳಾ, ಆಕಿ ಅಂದದ್ದೆಲ್ಲ ಇಂಥಾವ ಮಾತೇನು? ಹುಡುಗಿ ಸಾಲೀದು, ನಿನ್ನ ತವರಮನೀದು, ಇವನ ಶಿಂದೀದು?"

"ಹೂಂ ಅತ್ತಿ."

"ಇವೆಲ್ಲ ನನ್ನ ಹೊಟ್ಟ್ಯಾಗೂ ಇದ್ವು." ಅವಳ ದನಿ ಸಣ್ಣದಾಯಿತು. "ಸುಳ್ಳಾಡೂದಿಲ್ಲಂತ ದಿನಾ ಶೀಲ ಹೇಳ್ತೀನಿ. ಇಷ್ಟ ವರ್ಷ ನಾ ಕಳ್ಳಾಟ ಆಡಿದ್ನೇನ?"

"ಇಲ್ಲ ಅತ್ತಿ. ಕಳ್ಳಾಟ ಆಡಾವ್ರು ಹಂಗ ಬೆವರೂದಿಲ್ಲ."

ಮಲಕಮ್ಮ ಮಗನತ್ತ ತಿರುಗಿ, "ಪಡದೆ ಹಿಂದ ಕೂಡೂದೇನ್ ಬ್ಯಾಡ. ಜಳಕಾ ಮಾಡು, ಕಾಲೇಜಿಗೆ ಹೊತ್ತಾತು," ಎಂದಳು. ಮತ್ತೆ ಗೂಟ ತಿರುಗಿಸಿದಳು. ಕಮಳಾಬಾಯಿಗೆ ಇದ್ದ ಕೊನೆಯ ಆಸೆಯೂ ಕಲ್ಲಿನ ಕೆಳಗೆ ಸಿಕ್ಕಿತು.

ಭಾನುವಾರ ಮನೆಯವರೆಲ್ಲ ಎಸ್.ಟಿ. ಬಸ್ಸಿನಲ್ಲಿ ಹೊರಟರು. ಭಗವಂತ ಬಿಳಿ ಅಂಗಿ ತೊಟ್ಟು ಮುಂದೆ ಕೂತ. ಪೀರಪ್ಪನೂ ಕಮಿಟಿಯ ಸಾಕ್ಷಿಯೆಂದು ಬಂದಿದ್ದ. ವಳಸಂಗದ ಹತ್ತಿರ ಕಿಟಕಿಯಿಂದ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಮಲಕಮ್ಮ ದಾರಿಯುದ್ದಕ್ಕೂ ಕಣ್ಣು ಮುಚ್ಚಿದ್ದಳು. "ಯವ್ವಾ, ಅಲ್ಲಿ ಮಂದಿ ಮುಂದ ಏನೂ ಆಗಬಾರದು ನೋಡು," ಎಂದು ಭಗವಂತ ಹಿಂದೆ ತಿರುಗಿ ಕೂಗಿದ. ಇಡೀ ಮೋಟಾರು ಮಲಕಮ್ಮನನ್ನು ನೋಡಿತು. "ಹೆದರಿಕಿ ಬಂತು," ಎಂದಳು ಅವಳು. "ಕುಂತೈತಿ." ಅದು ಹೋಯಿತೆಂದು ಅಕ್ಕಲಕೋಟ ಮುಟ್ಟುವ ತನಕ ಹೇಳಲಿಲ್ಲ.

ಭಗವಂತನ ಅಕ್ಕ ಭಾಗಾಬಾಯಿ ಕಾಯಿಪಲ್ಲೆ ಮಾರಿ ಮಗನನ್ನು ಬೆಳೆಸಿದ ವಿಧವೆ. ಮಾತಿನಲ್ಲೂ ತಕ್ಕಡಿ ಹಿಡಿದೇ ಇರುವವಳು. ಬಾಗಿಲಲ್ಲೇ, "ಬರ್ರಿ, ಬರ್ರಿ. ಯವ್ವಾ, ಸೊರಗಿದೆಲ್ಲ. ಕಮಳಾ, ನೀ ತುಂಬೀದಿ. ಅತ್ತೀದ ಸೊಸಿಗೆ ಬಂತೇನ?" ಎಂದು ತೂಗಿದಳು. ಹುರಣದ ಹೋಳಿಗೆ ಮಾಡಿದ್ದಳು. ಅಮೋಗಸಿದ್ಧ ಗೋಡೆಯ ಪಕ್ಕ ತಲೆ ತಗ್ಗಿಸಿ ಕೂತಿದ್ದ. ಬಿಸಿಲಿನಲ್ಲಿ ರೇಲ್ವೆ ಹಳಿ ಎತ್ತಿ ಕಪ್ಪಾದ ಕೈ, ಒಳ್ಳೆಯ ಮುಖ. ಅವನಲ್ಲಿ ಒಂದು ಕೆಟ್ಟ ಗುಣವಾದರೂ ಸಿಕ್ಕೀತೇ ಎಂದು ಕಮಳಾಬಾಯಿ ಹುಡುಕಿದಳು. ಸಿಗಲಿಲ್ಲ. ಅದರಿಂದ ಮತ್ತಷ್ಟು ಸಂಕಟವಾಯಿತು.

ಊಟವಾಯಿತು. ನೆರೆಯವರು ಬಂದು ಕೂತರು. ಭಗವಂತ ಸಕ್ಕರೆಯ ಪೊಟ್ಟಣ ಬಿಚ್ಚಿ, ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡ. "ಬಂಧೂ ಆಣಿ ಭಗಿನೀನೋ," ಎಂದ.

"ನಿಲ್ಲು," ಎಂದಿತು ಒಂದು ದನಿ.

ಮಲಕಮ್ಮ ಕಣ್ಣು ತೆರೆದೇ ಕೂತಿದ್ದಳು. ತುರುಬು ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಮೈ ತೂಗುತ್ತಿರಲಿಲ್ಲ. ದನಿ ದಪ್ಪವೂ ಅಲ್ಲ. ಮನೆಯಲ್ಲಿ ನೀರು ಕೇಳುವ ದನಿ. "ಭಗವಂತಾ, ಹುಡುಗಿ ಸಾಲಿ ಬಿಡಿಸಬ್ಯಾಡ. ಮ್ಯಾಟ್ರಿಕ್ ಆಗಲಿ. ಲಗ್ನದ ಮಾತ ಆಮ್ಯಾಲ."

ಭಗವಂತನ ಕೈಯ ಪೊಟ್ಟಣದಿಂದ ಸಕ್ಕರೆ ಸುರಿಯತೊಡಗಿತು. ಮಾತು ದೇವಿಯದು, ದನಿ ದೇವಿಯದಲ್ಲ. ನಾಗಪುರದ ಪ್ರತಿಜ್ಞೆ, ಸೆಕ್ರೆಟರಿಯ ಹುದ್ದೆ, ಎಲ್ಲಕ್ಕಿಂತ ಹಳೆಯದೊಂದು ರೂಢಿ ಅವನ ಬಾಯಿಂದ ಹೊರಬಿದ್ದಿತು:

"ಯಾರು ನೀ ತಾಯಿ?"

"ಮಲಕಮ್ಮ," ಎಂದಳು ಅವಳು. "ನಿನ್ನ ಹಡದಾಕಿ."

ಪೀರಪ್ಪ ರೂಢಿಯಂತೆ ಕೈ ಮುಗಿಯಲು ಹೋದವನು ಅರ್ಧಕ್ಕೆ ನಿಂತ. ಹಡೆದವಳಿಗೆ ಕೈ ಮುಗಿಯಬಾರದೆಂದು ಪ್ರತಿಜ್ಞೆಯಲ್ಲಿ ಇರಲಿಲ್ಲ. ಯೋಚಿಸಿ ಪೂರ್ತಿ ಮುಗಿದ.

"ಯವ್ವಾ, ಠರಾವ ಆಗೈತಿ..." ಎಂದ ಭಗವಂತ. ದನಿ ತಗ್ಗಿತ್ತು.

"ಆಗಿರಲಿ. ನನ್ನ ಕೇಳಿರೇನು? ಆ ಹುಡುಗೀನ ಕೇಳಿರೇನು? ಹುಡುಗೀನ ಕಲಿಸ್ರಿ ಅಂದ್ರು ಬಾಬಾಸಾಹೇಬ್ರು. ಹುಡುಗೀನ ಜಿಲ್ಹಾಕ್ಕ ತೋರಸ್ರಿ ಅಂದಿಲ್ಲ."

ಭಾಗಾಬಾಯಿ ತಕ್ಕಡಿ ಎತ್ತಿದಳು. "ಹಂಗಾರ ನನ್ನ ಮಗಾ ಕಾಕೋತ ಕೂಡಬೇಕೇನ? ನಾ ಮಾಡಿದ ಹೋಳಿಗಿ?"

"ಹೋಳಿಗಿ ಛಲೋ ಆಗ್ಯಾವ. ನಿನ್ನ ಮಗಾನೂ ಛಲೋ ಅದಾನ. ಕಾಯೂದು ಬಿಡೂದು ಅವನ ಮನಸ್ಸು. ಸಿಟ್ಟು ಬಂದ್ರ ಬರಲಿ ಬಿಡು ಭಾಗಾ, ಕುಂತು ಹೋಗ್ತದ."

"ನಂದು ಕೂಡೂದಿಲ್ಲ, ಇಲ್ಲೇ ಸಂಸಾರ ಹೂಡ್ತದ," ಎಂದಳು ಭಾಗಾಬಾಯಿ. ಯಾರೋ ನಕ್ಕರು.

ಅಮೋಗಸಿದ್ಧ ತಲೆ ಎತ್ತಿ, ಚಂದ್ರಭಾಗಾಳ ಕಡೆ ನೋಡದೆ, "ಓದಲಿ ಮಾವಾ," ಎಂದ. "ನಾ ಸಹಿ ಮಾಡೂದು ಹೆಬ್ಬಟ್ಟು. ಮನಿಯೊಳಗ ಒಬ್ಬರರ ಓದಿದವರು ಬೇಕು. ಇದೇ ಮನಿ ಆದ್ರ ಆಗಲಿ, ಇಲ್ಲಂದ್ರ ಬಿಡಲಿ."

ಭಗವಂತ ಹೂಂ ಅನ್ನಲಿಲ್ಲ. ಊಹೂಂ ಅನ್ನಲಿಲ್ಲ. "ನೋಡೂಣು," ಎಂದ. ಉಳಿದ ಸಕ್ಕರೆಯನ್ನು ಮಡಚಿ ಜೇಬಿಗೆ ಇಟ್ಟ. ಮರಳುವ ಮೋಟಾರಿನಲ್ಲಿ ಅವ್ವನಿಗೆ ಕಿಟಕಿಯ ಜಾಗ ಬಿಟ್ಟುಕೊಟ್ಟು, ತಾನು ನಿಂತೇ ಬಂದ.

ವೈಶಾಖ ಹುಣ್ಣಿಮೆಗೆ ಚಾಳಿನಲ್ಲಿ ದೀಪ ಹಚ್ಚಿದರು, ಲಗ್ನವಾಗಲಿಲ್ಲ. ಭಂತೇಜಿ ಕೈಚೀಲ ಹಿಡಿದು ಮುಂದಿನ ಊರಿಗೆ ಹೋದರು. ಭಗವಂತ ಮದುವೆಯ ಮಾತನ್ನೂ ಎತ್ತಲಿಲ್ಲ, ಸಾಲಿಯ ಮಾತನ್ನೂ ಎತ್ತಲಿಲ್ಲ. "ನೋಡೂಣು" ಎಂಬುದರ ಮೇಲೆ ಇಡೀ ಮನೆ ಕೂತಿತ್ತು. ಸಾಲಿ ತೆರೆಯುವ ವಾರ ಬಂತು. ಚಂದ್ರಭಾಗಾ ಸೀಸಕಡ್ಡಿ ಕೆತ್ತಿಟ್ಟುಕೊಂಡು, ತಾಯಿಯ ಮುಖ ನೋಡುವಳು.

ಬೆಳಿಗ್ಗೆ ಬೀಸುವಾಗ ಕಮಳಾಬಾಯಿ ಕಲ್ಲಿನತ್ತ ಬಾಗಿದಳು. "ಸಾಲಿ ತೆರೆಯೂ ದಿನಾ ಬಂತು," ಎಂದಳು. "ಹುಡುಗಿ ಹೋಗಬೇಕೋ ಬ್ಯಾಡೋ, ಯಾರೂ ಒಂದು ಮಾತ..."

"ಕಮಳಾ." ಮಲಕಮ್ಮ ಗೂಟ ಹಿಡಿದು ಕಲ್ಲು ನಿಲ್ಲಿಸಿದಳು. "ಕಲ್ಲಿಗೆ ಯಾಕ ಹೇಳ್ತಿ? ಅವ ಒಳಗ ಅದಾನ, ಉಣ್ಣಾಕತ್ತಾನ. ಹೋಗಿ ಹೇಳು."

"ನಾನಾ? ನೀವ ಹೇಳ್ರಿ ಅತ್ತಿ. ನಿಮ್ಮ ಮಾತ ಕೇಳ್ತಾರ."

"ನಂದ ನಾ ಹೇಳೀನಿ. ಇದು ನಿಂದು."

"ನನಗ ಅಂಜಿಕಿ ಬರ್ತದ."

"ಬರಲಿ. ಅದನ್ನೂ ಕರಕೊಂಡ ಹೋಗು."

ಕಮಳಾಬಾಯಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ಒಳಗೆ ಭಗವಂತ ಪಾಳಿಗೆ ಹೊರಡುವ ಗಡಿಬಿಡಿಯಲ್ಲಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಉಣ್ಣುತ್ತಿದ್ದ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವನು ತಲೆಯೆತ್ತಿ, "ಏನು?" ಎಂದ. ಈ ಸಲ ಕೈಯಲ್ಲಿ ರೊಟ್ಟಿಯ ಬುಟ್ಟಿ ಇರಲಿಲ್ಲ.

"ಸೋಮವಾರ ಸಾಲಿ ತೆರೀತದ," ಎಂದಳು. "ಹುಡುಗಿ ಹೋಗ್ತಾಳ."

ಭಗವಂತ ಅಗಿಯುವುದನ್ನು ನಿಲ್ಲಿಸಿದ. ಅವಳ ಹಿಂದೆ, ಅಂಗಳದತ್ತ ಇಣುಕಿದ. "ಯವ್ವ ಹೇಳಿ ಕಳಸ್ಯಾಳೇನು?"

"ಇಲ್ರಿ," ಎಂದಳು ಕಮಳಾಬಾಯಿ. "ನಾ ಹೇಳಾಕತ್ತೀನಿ."

ಹೊರಗೆ ಕಲ್ಲಿನ ಸದ್ದಿರಲಿಲ್ಲ. ಭೋಂಗಾ ಕೂಗಿತು. ಭಗವಂತ ಬಟ್ಟಲೆತ್ತಿ ಉಳಿದ ಹಾಲು ಕುಡಿದು, ಬಾಯಿ ಒರೆಸಿಕೊಂಡು, ಓಣಿಗೆ ಕೇಳದಂತೆ ಹೇಳಿದ: "ಹಂಗಾರ ಆಕಿ ಸಾಲಿ ಚೀಲದ ಪಟ್ಟಿ ಹರದೈತಿ. ಹೊಲಿಸಿಡು."

ಅಂಗಳದಲ್ಲಿ ಬೀಸುಕಲ್ಲು ಮತ್ತೆ ತಿರುಗತೊಡಗಿತು.